ಕರ್ನಲ್ ಅಪ್‌ಗ್ರೇಡ್ ಆದ್ಮೇಲೆ ನೆಟ್ ಹೋಯ್ತಾ? ಫಾರ್ಮ್ಯಾಟ್ ಮಾಡಿಸ್ಬೇಡಿ

ಶಿರಸಿ, ಸಿದ್ದಾಪುರದ ಕಡೆ ತೋಟದ ಮನೆಲೇ ಕೂತು ಬೆಂಗಳೂರಿನ ಕೆಲ್ಸ ಮಾಡೋರು ಈಗ ಸುಮಾರು ಜನ ಇದಾರೆ, ಅದ್ರಲ್ಲಿ ಉಬುಂಟು (ಲಿನಕ್ಸ್ ಆಪರೇಟಿಂಗ್ ಸಿಸ್ಟಮ್) ಹಾಕ್ಕೊಂಡೋರು ರಾತ್ರಿ ಅಪ್‌ಡೇಟ್ ಕೊಟ್ಟು ಮಲಗಿ ಬೆಳಿಗ್ಗೆ ಆನ್ ಮಾಡಿದ್ರೆ ವೈಫೈ ಐಕಾನೇ ಕಾಣಲ್ಲ. ಲ್ಯಾಪ್‌ಟಾಪ್ ಹೊತ್ಕೊಂಡು ಪೇಟೆಗೆ ಓಡೋದು ಬೇಡ, ಬಹಳ ಸಲ ಮನೇಲೇ ಸರಿ ಆಗತ್ತೆ.

ಅಪ್‌ಡೇಟ್ ಜೊತೆ ಕರ್ನಲ್, ಅಂದ್ರೆ ಹಾರ್ಡ್‌ವೇರ್ ನಡೆಸೋ ಸಿಸ್ಟಮ್‌ನ ತಿರುಳು, ಬದಲಾಗಿದ್ರೆ ಹೀಗಾಗತ್ತೆ. ಮೊದ್ಲು ಹಳೇ ಕರ್ನಲ್‌ಗೆ ಹೋಗಿ. ರೀಸ್ಟಾರ್ಟ್ ಮಾಡುವಾಗ ಎಸ್ಕೇಪ್ ಒತ್ತಿ (ಹಳೇ ಮಷಿನ್ ಆದ್ರೆ ಶಿಫ್ಟ್), ಗ್ರಬ್ ಮೆನು (ಯಾವ ಕರ್ನಲ್‌ನಲ್ಲಿ ಶುರು ಮಾಡ್ಬೇಕು ಅಂತ ಕೇಳೋ ಪಟ್ಟಿ) ಬರತ್ತೆ, ಅಡ್ವಾನ್ಸ್ಡ್ ಆಪ್ಷನ್ಸ್ ಒಳಗೆ ಹಿಂದಿನ ಕರ್ನಲ್ ನಂಬರ್ ಆರಿಸಿ. ಅಲ್ಲಿ ನೆಟ್ ಬಂದ್ರೆ ವೈಫೈ ಕಾರ್ಡ್ ಕೆಟ್ಟಿಲ್ಲ, ಇವತ್ತಿನ ಕೆಲ್ಸಾನೂ ಅದ್ರಲ್ಲೇ ಮುಗಿಸ್ಬಹುದು. ಅಲ್ಲೂ ಬರ್ಲಿಲ್ಲ ಅಂದ್ರೆ ಮಳೆಗೆ ಮರ ಬಿದ್ದು ಫೈಬರ್ ಹರಿದಿದ್ಯಾ ಅಂತ ನೋಡ್ಕೊಳ್ಳಿ.

ಆಮೇಲೆ ಹೊಸ ಕರ್ನಲ್‌ಗೆ ಬಂದು ಟರ್ಮಿನಲ್‌ನಲ್ಲಿ ಐಪಿ ಲಿಂಕ್ (ip link) ಅಂತ ಕೊಡಿ (ಕಮಾಂಡ್ ಎಲ್ಲಾ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡ್ಬೇಕು). ಎಲ್‌ಒ (lo, ಕಂಪ್ಯೂಟರ್ ತನ್ನೊಳಗೇ ಬಳಸೋ ಸಂಪರ್ಕ) ಒಂದೇ ಕಂಡ್ರೆ ಕಾರ್ಡ್ ನಡೆಸೋ ಡ್ರೈವರ್ ಲೋಡ್ ಆಗಿಲ್ಲ. ಇದೇ ಹೆಚ್ಚಾಗಿ ಆಗೋದು. ಕೆಲವು ಬ್ರಾಡ್‌ಕಾಮ್, ರಿಯಲ್‌ಟೆಕ್ ಕಾರ್ಡ್‌ಗಳ ಡ್ರೈವರ್ ಕರ್ನಲ್ ಜೊತೆ ಬರಲ್ಲ, ಒಂದೊಂದು ಕರ್ನಲ್‌ಗೂ ಬೇರೆಬೇರೆ ಬಿಲ್ಡ್ ಆಗ್ಬೇಕು, ಆ ಕೆಲ್ಸ ಡಿಕೆಎಂಎಸ್ ಅನ್ನೋ ಟೂಲ್ ಮಾಡತ್ತೆ, ಆದ್ರೆ ಹೊಸ ಕರ್ನಲ್‌ನ ಹೆಡರ್ಸ್ (ಬಿಲ್ಡ್‌ಗೆ ಬೇಕಾದ ಫೈಲ್‌ಗಳು) ಇಲ್ದಿದ್ರೆ ಅದು ಏನೂ ಮಾಡೋಕಾಗಲ್ಲ. ಡಿಕೆಎಂಎಸ್ ಸ್ಟೇಟಸ್ (dkms status) ಕೊಟ್ಟು ನೋಡಿ, ಹೊಸ ಕರ್ನಲ್ ನಂಬರ್ ಇಲ್ಲಾಂದ್ರೆ ಮೊಬೈಲನ್ನ ಯುಎಸ್‌ಬಿ ಕೇಬಲ್‌ನಲ್ಲಿ ಹಾಕಿ ಟೆದರಿಂಗ್ (ಮೊಬೈಲ್ ನೆಟ್ ಲ್ಯಾಪ್‌ಟಾಪ್‌ಗೆ ಕೊಡೋದು) ಆನ್ ಮಾಡಿ, ಅದ್ಕೆ ಸಾಮಾನ್ಯವಾಗಿ ಬೇರೆ ಡ್ರೈವರ್ ಬೇಕಾಗಲ್ಲ, ಆ ನೆಟ್‌ನಲ್ಲೇ ಹೆಡರ್ಸ್ ಹಾಕಿ ಸುಡೋ (ಅಡ್ಮಿನ್ ಅನುಮತಿ) ಜೊತೆ ಡಿಕೆಎಂಎಸ್ ಆಟೋಇನ್‌ಸ್ಟಾಲ್ (sudo dkms autoinstall) ಕೊಡಿ. ಬಿಲ್ಡ್ ಆದ್ರೂ 'ಕೀ ವಾಸ್ ರಿಜೆಕ್ಟೆಡ್' ಅಂತ ಬಂದ್ರೆ ಸೆಕ್ಯೂರ್ ಬೂಟ್ (ಸಹಿ ಇಲ್ಲದ ಡ್ರೈವರ್ ಬಿಡದ ಸುರಕ್ಷತೆ) ತಡೀತಿದೆ ಅಂತ ಅರ್ಥ, ಎಂಒಕೆ ಕೀ (ಆ ಸಹಿ ನಂಬು ಅಂತ ಮಷಿನ್‌ಗೆ ನೀವೇ ಕೊಡೋ ಕೀ) ಎನ್‌ರೋಲ್ ಮಾಡ್ಬೇಕು. ಇನ್ನು ಡಿಮೆಸೇಜ್ (dmesg) ಅನ್ನೋ ಕರ್ನಲ್ ಲಾಗ್‌ನಲ್ಲಿ ಫರ್ಮ್‌ವೇರ್ (ಕಾರ್ಡ್ ಒಳಗೆ ಓಡೋ ಸಾಫ್ಟ್‌ವೇರ್) ಸಿಗ್ಲಿಲ್ಲ ಅಂತಿದ್ರೆ ಲಿನಕ್ಸ್-ಫರ್ಮ್‌ವೇರ್ ಪ್ಯಾಕೇಜ್ ಅಪ್‌ಡೇಟ್ ಮಾಡಿ.

ಕಾರವಾರ, ಕುಮಟಾ ಕಡೆ ಆಫೀಸಲ್ಲಿ ಕೇಬಲ್ ಹಾಕಿರೋ ಸರ್ವರ್ ಆದ್ರೆ ಕಥೆ ಬೇರೆ ಇರ್ಬಹುದು. ಕಾರ್ಡ್ ಕಾಣತ್ತೆ, ಐಪಿ ಅಡ್ರೆಸ್ ಮಾತ್ರ ಇಲ್ಲ. ಇಂಟರ್‌ಫೇಸ್ ಹೆಸ್ರೇ (ಸಿಸ್ಟಮ್ ಆ ಕಾರ್ಡ್‌ಗೆ ಇಟ್ಟ ಹೆಸ್ರು) ಬದಲಾಗಿರತ್ತೆ, ಉಬುಂಟುವಿನ ನೆಟ್ ಸೆಟ್ಟಿಂಗ್ ಇರೋ ನೆಟ್‌ಪ್ಲಾನ್ ಫೈಲಲ್ಲಿ ಹಳೇ ಹೆಸ್ರೇ ಕೂತಿರತ್ತೆ. ಅದನ್ನ ತಿದ್ದಿ ನೆಟ್‌ಪ್ಲಾನ್ ಅಪ್ಲೈ ಬದ್ಲು ನೆಟ್‌ಪ್ಲಾನ್ ಟ್ರೈ ಕೊಡಿ, ಸರಿ ಇದ್ರೆ ಎಂಟರ್ ಒತ್ತಿ, ತಪ್ಪಾಗಿ ಒತ್ತೋಕಾಗ್ಲಿಲ್ಲ ಅಂದ್ರೆ 120 ಸೆಕೆಂಡಲ್ಲಿ ತಾನೇ ಹಿಂದಿನ ಸೆಟ್ಟಿಂಗ್‌ಗೆ ಹೋಗತ್ತೆ.

ಹೊಸ ಕರ್ನಲ್‌ನಲ್ಲಿ ಎರಡ್ಮೂರು ಸಲ ರೀಸ್ಟಾರ್ಟ್ ಮಾಡಿ ನೆಟ್ ಸರಿ ಬರ್ತಿದೆ ಅಂತ ಖಾತ್ರಿ ಆಗೋವರೆಗೂ ಹಳೇ ಕರ್ನಲ್ ತೆಗೀಲೇಬೇಡಿ.