ಅಂಬಾಸಿಡರಿಗೆ ಎಲೆಕ್ಟ್ರಾನಿಕ್ ಡಿಸ್ಟ್ರಿಬ್ಯೂಟರ್ ಕೂರಿಸಿದ್ದು

ಜುಲೈ ತಿಂಗಳ ಒಂದು ಸಂಜೆ ಶಿರಸಿಯಿಂದ ಇಳಿಯುವಾಗ ದೇವಿಮನೆ ಘಟ್ಟದಲ್ಲಿ ನಮ್ಮ ಅಂಬಾಸಿಡರ್ ನಿಂತಿತು. ಹಿಂದಿನ ಸೀಟಿನಲ್ಲಿ ಅಪ್ಪ, ಅಮ್ಮ. ಹೊರಗೆ ಜಡಿಮಳೆ. ಬಾನೆಟ್ ಎತ್ತಿ, ಕುತ್ತಿಗೆಗೆ ಕೊಡೆ ಸಿಕ್ಕಿಸಿಕೊಂಡು, ಪ್ಲಗ್ಗುಗಳಿಗೆ ಸರದಿಯಂತೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪ್ ತೆಗೆದು ಒಣಬಟ್ಟೆಯಲ್ಲಿ ಒರೆಸಿದೆ. ಅದರೊಳಗಿನ ಸಿಬಿ ಪಾಯಿಂಟಿಗೆ ಪಾಲಿಶ್ ಪೇಪರ್ ಎಳೆದೆ. ಗಾಡಿ ಹೊರಟಿತು. ಹತ್ತು ಕಿಲೋಮೀಟರ್ ಆಗುವಷ್ಟರಲ್ಲಿ ಮತ್ತೆ ಮಿಸ್ಸಿಂಗ್, ಕಿಡಿ ತಪ್ಪಿ ಎಂಜಿನ್ ಮುಗ್ಗರಿಸುವುದು. ಕುಮಟಾದ ಮನೆ ಮುಟ್ಟುವಾಗ ರಾತ್ರಿ ಹನ್ನೊಂದು. ಅಮ್ಮ ಆವತ್ತು ಏನೂ ಹೇಳಲಿಲ್ಲ. ಮುಂದಿನ ಸಲ ಶಿರಸಿಗೆ ಹೋಗುವ ಮಾತು ಬಂದಾಗ ಮಾತ್ರ, "ಬಸ್ಸಿಗೇ ಹೋಗುವಾ" ಅಂದಳು. ಆ ಮಾತು ನನಗೆ ತುಂಬಾ ನಾಟಿತು.

ಗಾಡಿ 1978ರ ಮಾರ್ಕ್ 3. 1489 ಸಿಸಿ ಪೆಟ್ರೋಲ್ ಎಂಜಿನ್. ಅಪ್ಪ ಪ್ರೀತಿಯಿಂದ ಇಟ್ಟುಕೊಂಡು ಬಂದ ಗಾಡಿ. ಎಂಜಿನ್ ಗಟ್ಟಿ ಇದೆ, ಕಂಪ್ರೆಶನ್ ಚೆನ್ನಾಗಿದೆ. ತೊಂದರೆ ಎಲ್ಲ ಕಿಡಿಯದ್ದೇ.

ಪಾಯಿಂಟ್ ಅಂದರೆ ಕರೆಂಟ್ ಕಡಿದು ಕಿಡಿ ಹುಟ್ಟಿಸುವ ಒಂದು ಪುಟ್ಟ ಸ್ವಿಚ್, ಅಷ್ಟೇ. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಅದು ಸೆಕೆಂಡಿಗೆ 100 ಸಲ ತೆರೆದು ಮುಚ್ಚಬೇಕು. ಗ್ಯಾಪು 0.35ರಿಂದ 0.40 ಮಿಲಿಮೀಟರ್. ನಮ್ಮ ಕರಾವಳಿಯ ಗಾಳಿಯಲ್ಲಿ ಉಪ್ಪೂ ಇದೆ, ಪಸೆಯೂ ಇದೆ. ಮಳೆಗಾಲದಲ್ಲಿ ಗಾಡಿ ನಾಲ್ಕು ದಿನ ಸುಮ್ನೆ ನಿಂತರೆ ಸಾಕು, ಪಾಯಿಂಟಿನ ಮುಖ ಮಂಕಾಗುತ್ತದೆ. ಅಮೆರಿಕದ ಕ್ರೈಸ್ಲರ್ ಕಂಪನಿ 1973ರಲ್ಲೇ ತನ್ನ ಕಾರುಗಳಿಗೆಲ್ಲ ಪಾಯಿಂಟ್ ಇಲ್ಲದ ಇಗ್ನಿಶನ್ ಕೊಟ್ಟಿತ್ತು. ಐದು ವರ್ಷದ ಮೇಲೆ ಬಂದ ನಮ್ಮ ಗಾಡಿಯಲ್ಲಿ ಇದ್ದದ್ದು ಪಾಯಿಂಟೇ.

ಮೊದಲು ಯೋಚಿಸಿದ್ದು ಹಳೆ ಡಿಸ್ಟ್ರಿಬ್ಯೂಟರಿನೊಳಗೇ ಸೆನ್ಸರ್ ಕೂರಿಸುವ ಕಿಟ್ ಹಾಕೋಣ ಅಂತ. ಖರ್ಚು ಕಮ್ಮಿ. ಆದರೆ ಕ್ಯಾಪ್ ತೆಗೆದು, ಒಳಗೆ ತಿರುಗುತ್ತಾ ಕಿಡಿ ಹಂಚುವ ರೋಟರ್ ಹಿಡಿದು ಅಡ್ಡಕ್ಕೆ ಅಲ್ಲಾಡಿಸಿದಾಗ ಟಿಕ್ ಟಿಕ್ ಅಂತ ಬೆರಳಿಗೆ ಗೊತ್ತಾಗುವಷ್ಟು ಆಡುತ್ತಿತ್ತು. ಒಳಗಿನ ಬುಶ್ ಸವೆದಿದೆ. ಶಾಫ್ಟೇ ಓಲಾಡಿದರೆ ಒಳಗೆ ಎಂಥ ಸೆನ್ಸರ್ ಇಟ್ಟರೂ ಒಂದೊಂದು ಸಿಲಿಂಡರಿಗೆ ಒಂದೊಂದು ಟೈಮಿಂಗ್, ಅಂದರೆ ಕಿಡಿ ಬೀಳುವ ಹೊತ್ತು, ಆಗುತ್ತದೆ. ಹಾಗಾಗಿ ಪೂರ್ತಿ ಹೊಸ ಎಲೆಕ್ಟ್ರಾನಿಕ್ ಡಿಸ್ಟ್ರಿಬ್ಯೂಟರನ್ನೇ ತರಿಸಿದೆ. ಇದರೊಳಗೆ ಪಾಯಿಂಟೂ ಇಲ್ಲ, ಕಂಡೆನ್ಸರೂ ಇಲ್ಲ. ಶಾಫ್ಟಿನ ಜೊತೆ ತಿರುಗುವ ಅಯಸ್ಕಾಂತ, ಅದನ್ನು ಗುರುತಿಸುವ ಸೆನ್ಸರ್. ಒಂದಕ್ಕೊಂದು ತಾಗುವುದಿಲ್ಲ, ಹಾಗಾಗಿ ಸವೆಯುವುದೂ ಇಲ್ಲ. ಹೊರಗೆ ಬರುವುದು ಎರಡೇ ವೈರ್: ಕೆಂಪು, ಕಪ್ಪು.

ಬಿಚ್ಚುವ ಮೊದಲು ಎರಡು ವಿಷಯ ನೋಡಿಕೊಂಡೆ. ಒಂದು, ಬ್ಯಾಟರಿಯ ಯಾವ ತುದಿ ಗಾಡಿಯ ಬಾಡಿಗೆ ಸೇರಿದೆ ಅನ್ನುವುದು. ನಮ್ಮದರಲ್ಲಿ ಮೈನಸ್. ತೀರಾ ಹಳೆಯ ಕೆಲವು ಗಾಡಿಗಳಲ್ಲಿ ಪ್ಲಸ್ ಬಾಡಿಗೆ ಇರುತ್ತದೆ. ಅಂಥದ್ದಕ್ಕೆ ಈ ಡಿಸ್ಟ್ರಿಬ್ಯೂಟರನ್ನು ಹಾಗೇ ಜೋಡಿಸಿದರೆ ಒಳಗಿನ ಮಾಡ್ಯೂಲ್, ಅಂದರೆ ಪಾಯಿಂಟಿನ ಕೆಲಸ ಮಾಡುವ ಎಲೆಕ್ಟ್ರಾನಿಕ್ ತುಂಡು, ಸುಟ್ಟೇ ಹೋಗುತ್ತದೆ. ಇನ್ನೊಂದು, ಬ್ಯಾಟರಿಯ ವೋಲ್ಟೇಜನ್ನು ಕಿಡಿಗೆ ಬೇಕಾದಷ್ಟು ಏರಿಸುವ ಎಚ್‌ಟಿ ಕಾಯಿಲ್. ವೈರ್ ಬಿಚ್ಚಿ ಅದರ ಪ್ಲಸ್ ಮೈನಸ್ ನಡುವೆ ಮೀಟರ್ ಇಟ್ಟೆ, 3.1 ಓಮ್ ಬಂತು. ನಾನು ತಂದ ಡಿಸ್ಟ್ರಿಬ್ಯೂಟರಿಗೆ 3 ಓಮಿನ ಕಾಯಿಲ್ ಬೇಕಿತ್ತು, ಸರಿಹೋಯಿತು. ಒಂದೂವರೆ ಓಮಿನ ಕಾಯಿಲ್ ಆಗಿದ್ದರೆ ಕರೆಂಟ್ ದುಪ್ಪಟ್ಟು ಹರಿಯುತ್ತದೆ, ಮಾಡ್ಯೂಲ್ ಉಳಿಯುವುದಿಲ್ಲ.

ಒಂದನೇ ಸಿಲಿಂಡರ್, ಅಂದರೆ ರೇಡಿಯೇಟರ್ ಪಕ್ಕದ್ದು, ಅದರ ಪ್ಲಗ್ ಬಿಚ್ಚಿದೆ. ತೂತಿಗೆ ಹೆಬ್ಬೆರಳು ಒತ್ತಿ ಹಿಡಿದೆ. ಮುಂದಿನಿಂದ ತಮ್ಮ ಹ್ಯಾಂಡಲ್ ಹಾಕಿ ಮೆಲ್ಲಗೆ ತಿರುಗಿಸಿದ. ಒಂದು ಸುತ್ತಿನಲ್ಲಿ ಏನೂ ಇಲ್ಲ. ಮುಂದಿನ ಸುತ್ತಿನಲ್ಲಿ ಗಾಳಿ ಒತ್ತಿಕೊಂಡು ಬಂದು ಬೆರಳನ್ನು ಪುಸಕ್ಕನೆ ತಳ್ಳಿತು. ಅದೇ ಕಂಪ್ರೆಶನ್. ಅಲ್ಲಿಂದ ಮುಂದೆ ಕೂದಲೆಳೆಯಷ್ಟೇ ತಿರುಗಿಸುತ್ತಾ, ಪುಲ್ಲಿಯ ಕಚ್ಚು ಟೈಮಿಂಗ್ ಕವರಿನ ಮುಳ್ಳಿನ ಎದುರು ಬಂದಾಗ ನಿಲ್ಲಿಸಿದೆವು. ಕ್ಯಾಪ್ ತೆಗೆದರೆ ರೋಟರ್ ಒಂದನೇ ವೈರಿನ ಕಡೆಗೇ ಮುಖ ಮಾಡಿತ್ತು. ಆ ಜಾಗಕ್ಕೆ ಬಿಳಿ ಪೇಂಟಿನಲ್ಲಿ ಗೆರೆ ಹಾಕಿ, ಮೊಬೈಲಿನಲ್ಲಿ ನಾಲ್ಕೂ ಕಡೆಯಿಂದ ಫೋಟೋ ತೆಗೆದುಕೊಂಡೆ. ಇದಾದ ಮೇಲೆ ಹೊಸದು ಕೂರುವ ತನಕ ಎಂಜಿನ್ ತಿರುಗಿಸಬಾರದು. ತಮ್ಮನ ಕೈಯಿಂದ ಹ್ಯಾಂಡಲ್ ಇಸಿದುಕೊಂಡು ಡಿಕ್ಕಿಯಲ್ಲಿ ಇಟ್ಟುಬಿಟ್ಟೆ.

ಹಳೆಯದು ಸಲೀಸಾಗಿ ಬರಲಿಲ್ಲ. ಅಲ್ಯೂಮಿನಿಯಂ ಬಾಡಿ, ಬೀಡಿನ ಬ್ಲಾಕು, ನಡುವೆ ಇಷ್ಟು ವರ್ಷದ ಉಪ್ಪುಗಾಳಿ. ತುಕ್ಕು ಬಿಡಿಸುವ ಎಣ್ಣೆ ಹೊಡೆದು ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಎಡಕ್ಕೆ ಬಲಕ್ಕೆ ತಿರುಚುತ್ತಾ ತಿರುಚುತ್ತಾ ಎಳೆದಾಗ ಬಂತು. ಸುತ್ತಿಗೆ ಮುಟ್ಟಲಿಲ್ಲ. ಹಳೆ ಕ್ಯಾಪಿನ ಒಳಗೆ ಬೆಳಕು ಹಿಡಿದು ನೋಡಿದೆ. ಎರಡು ತುದಿಗಳ ನಡುವೆ ಪೆನ್ಸಿಲಿನಲ್ಲಿ ಎಳೆದಂಥ ಸಣ್ಣ ಕಪ್ಪು ಗೆರೆ. ಕಿಡಿ ಪ್ಲಗ್ಗಿಗೆ ಹೋಗುವ ಬದಲು ಅದೇ ಗೆರೆಯ ಮೇಲೆ ಹರಿಯುತ್ತಿತ್ತು. ವೈರ್ ಕೂರುವ ಗೂಡುಗಳಲ್ಲಿ ಹಸಿರು ಕಿಲುಬು. ಘಟ್ಟದಲ್ಲಿ ನಾನು ಒರೆಸಿದ್ದು ನೀರನ್ನು ಮಾತ್ರ.

ಹೊಸದನ್ನು ಇಳಿಸುವುದು ಸುಲಭ. ಶಾಫ್ಟಿನ ಬುಡದ ನಾಲಿಗೆ ನಟ್ಟನಡುವೆ ಇರುವುದಿಲ್ಲ, ಸ್ವಲ್ಪ ಒಂದು ಪಕ್ಕಕ್ಕೆ ಸರಿದಿರುತ್ತದೆ. ಹಾಗಾಗಿ ಉಲ್ಟಾ ಕೂರುವ ಭಯ ಇಲ್ಲ. ರೋಟರನ್ನು ನಿಧಾನ ತಿರುಗಿಸುತ್ತಾ ಒತ್ತಿದರೆ ಒಂದು ಕಡೆ ತಾನಾಗಿ ಕೆಳಗೆ ಜಾರುತ್ತದೆ. ಕೆಂಪು ವೈರ್ ಕಾಯಿಲಿನ ಪ್ಲಸ್ಸಿಗೆ, ಕಪ್ಪು ಮೈನಸ್ಸಿಗೆ. ರೋಟರ್ ಎಡಸುತ್ತು ತಿರುಗುತ್ತದೆ, ಆದ್ದರಿಂದ ಪ್ಲಗ್ ವೈರುಗಳನ್ನೂ ಎಡಸುತ್ತಿಗೆ 1, 3, 4, 2 ಅಂತ, ಅಂದರೆ ಸಿಲಿಂಡರುಗಳು ಉರಿಯುವ ಸರದಿಯಲ್ಲಿ, ಜೋಡಿಸಿದೆ. ವೈರುಗಳನ್ನೂ ಬದಲಿಸಿದೆ. ಬರೀ ತಾಮ್ರದ ಹಳೆ ವೈರ್ ಇದ್ದರೆ ಅದರ ಗಲಾಟೆ ಎಲೆಕ್ಟ್ರಾನಿಕ್ಸಿಗೆ ಆಗುವುದಿಲ್ಲ, ಒಳಗೆ ರೆಸಿಸ್ಟೆನ್ಸ್ ಇರುವ ವೈರೇ ಬೇಕು.

ಸೆಲ್ಫ್ ಹೊಡೆದೆ. ಎಂಜಿನ್ ತಿರುಗಿತು, ಹತ್ತಲಿಲ್ಲ. ಸೆಲ್ಫ್ ಬಿಟ್ಟ ಕ್ಷಣಕ್ಕೆ ಒಂದು ಸಲ ಕೆಮ್ಮಿತು. ಮತ್ತೆ ಹೊಡೆದೆ, ಮತ್ತೆ ಅದೇ. ಟೈಮಿಂಗ್ ತಪ್ಪಿದೆ ಅಂದುಕೊಂಡು ಡಿಸ್ಟ್ರಿಬ್ಯೂಟರನ್ನು ಆ ಕಡೆ ಈ ಕಡೆ ತಿರುಗಿಸುತ್ತಾ ಅರ್ಧ ದಿನ ಕಳೆದೆ. ಸಂಜೆ ನಮ್ಮ ಹಳೆ ಮೆಕ್ಯಾನಿಕ್ ಬಂದರು. ಅಪ್ಪನ ಕಾಲದಿಂದ ಈ ಗಾಡಿ ನೋಡಿದವರು, ನಾವು ಮೇಸ್ತ್ರಿ ಅಂತಲೇ ಕರೆಯುವುದು. ಸುಮ್ಮನೆ ನಿಂತು ಎರಡು ಸಲ ಸೆಲ್ಫ್ ಹೊಡೆಸಿ ಕೇಳಿದರು. "ತಮ್ಮಾ, ಹ್ಯಾಂಡಲ್ ತಾ" ಅಂದರು.

ಹ್ಯಾಂಡಲ್ ಒಂದೇ ಎಳೆತಕ್ಕೆ ಗಾಡಿ ಹತ್ತಿತು.

ನನಗೆ ಆಶ್ಚರ್ಯ. ಅವರಿಗೆ ಇಲ್ಲ. "ಸೆಲ್ಫ್ ಹೊಡೆಯುವಾಗ ಕರೆಂಟೆಲ್ಲ ಮೋಟರೇ ತಿನ್ನುತ್ತದೆ, ನಿನ್ನ ಹೊಸ ಸಾಮಾನಿಗೆ ಉಳಿಯುವುದಿಲ್ಲ. ಮೀಟರ್ ಇಟ್ಟು ನೋಡು" ಅಂದರು. ನೋಡಿದೆ. ಇಗ್ನಿಶನ್ ಆನ್ ಮಾಡಿದಾಗ ಬ್ಯಾಟರಿಯಲ್ಲಿ 12.5 ವೋಲ್ಟ್, ಕಾಯಿಲಿನ ಪ್ಲಸ್ಸಿನಲ್ಲಿ 10.4. ಸೆಲ್ಫ್ ಹೊಡೆಯುವಾಗ ಅದೇ ಜಾಗದಲ್ಲಿ 7.8. ಬ್ಯಾಟರಿಗೂ ಕಾಯಿಲಿಗೂ ನಡುವಿನ ಎರಡು ವೋಲ್ಟನ್ನು ನಲವತ್ತು ವರ್ಷ ದಾಟಿದ ಇಗ್ನಿಶನ್ ಸ್ವಿಚ್ಚು, ತುಕ್ಕು ಹಿಡಿದ ಲಗ್ಗುಗಳು ನುಂಗುತ್ತಿದ್ದವು. ಪಾಯಿಂಟ್ ಆಗಿದ್ದರೆ ಅಷ್ಟರಲ್ಲೂ ಬಡ ಕಿಡಿಯಾದರೂ ಬರುತ್ತಿತ್ತು. ಮಾಡ್ಯೂಲಿಗೆ ವೋಲ್ಟೇಜ್ ಕಮ್ಮಿಯಾದರೆ ಅದು ಕೆಲಸವನ್ನೇ ನಿಲ್ಲಿಸುತ್ತದೆ. ಸೆಲ್ಫ್ ಬಿಟ್ಟಾಗ ಕೆಮ್ಮುತ್ತಿದ್ದದ್ದು ಆಗಷ್ಟೇ ವೋಲ್ಟೇಜ್ ಮೇಲೆ ಬರುತ್ತಿದ್ದ ಕಾರಣ.

ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ, ನಾಲ್ಕು ಪಿನ್ನಿನ ಸಾದಾ ರಿಲೇ ಒಂದನ್ನು ತಂದೆ. ಬ್ಯಾಟರಿಯಿಂದ ಫ್ಯೂಸ್ ಹಾಕಿದ ದಪ್ಪ ವೈರ್ 30ನೇ ಪಿನ್ನಿಗೆ. 87ರಿಂದ ಕಾಯಿಲಿನ ಪ್ಲಸ್ಸಿಗೆ. ಮೊದಲು ಕಾಯಿಲಿಗೆ ಬರುತ್ತಿದ್ದ ಸ್ವಿಚ್ಚಿನ ವೈರ್ 86ಕ್ಕೆ. 85 ಬಾಡಿಗೆ. ಈಗ ಹಳೆ ಸ್ವಿಚ್ಚಿನ ಮೇಲೆ ಹೊರೆ ಇಲ್ಲ, ಅದು ರಿಲೇಯನ್ನು ಎಬ್ಬಿಸಿದರೆ ಸಾಕು. ಎಂಜಿನ್ನಿನಿಂದ ಬಾಡಿಗೆ ಹೋಗುವ ಅರ್ಥಿಂಗ್ ಪಟ್ಟಿಯೂ ಹಿಟ್ಟಾಗಿತ್ತು. ಅದನ್ನು ಬದಲಿಸಿ, ಕೂರುವ ಜಾಗವನ್ನು ಬೆಳ್ಳಗಾಗುವಷ್ಟು ಉಜ್ಜಿ, ಮೇಲೆ ಗ್ರೀಸ್ ಬಳಿದೆ. ಸೆಲ್ಫ್ ಹೊಡೆಯುವಾಗ ಕಾಯಿಲಿನಲ್ಲಿ 10 ವೋಲ್ಟ್ ನಿಂತಿತು. ಅರ್ಧ ಸುತ್ತಿಗೆ ಎಂಜಿನ್ ಹತ್ತಿತು. ಇಡೀ ಕೆಲಸದಲ್ಲಿ ನನಗೆ ಅತಿ ಖುಷಿ ಕೊಟ್ಟ ಸದ್ದು ಅದು. ನೀವು ಮಾಡುವುದಾದರೆ ಡಿಸ್ಟ್ರಿಬ್ಯೂಟರ್ ತರಿಸುವ ಮೊದಲೇ ಈ ವೋಲ್ಟೇಜ್ ಅಳೆದು ನೋಡಿ ಅನ್ನುತ್ತೇನೆ.

ಹ್ಯಾಂಡಲ್ ಹೊಡೆಯುವವರಿಗೆ ಒಂದು ಮಾತು. ಹೆಬ್ಬೆರಳನ್ನು ಹಿಡಿಯ ಸುತ್ತ ಮಡಚಬೇಡಿ, ಉಳಿದ ಬೆರಳುಗಳ ಪಕ್ಕಕ್ಕೇ ಇಡಿ. ಕೆಳಗಿನಿಂದ ಮೇಲಕ್ಕೆ ಎಳೆಯಿರಿ. ಟೈಮಿಂಗ್ ಜಾಸ್ತಿ ಅಡ್ವಾನ್ಸ್ ಆಗಿದ್ದರೆ, ಅಂದರೆ ಕಿಡಿ ತೀರಾ ಬೇಗ ಬಿದ್ದರೆ, ಹ್ಯಾಂಡಲ್ ತಿರುಗಿ ಒದೆಯುತ್ತದೆ, ಬೆರಳು ಮುರಿದುಕೊಂಡವರಿದ್ದಾರೆ.

ಕಿಡಿಯ ಜೊತೆಗೇ ಮಿನುಗುವ ಟೈಮಿಂಗ್ ಲೈಟಿನಲ್ಲಿ ನೋಡುವಾಗ ಡಿಸ್ಟ್ರಿಬ್ಯೂಟರಿಗೆ ಬರುವ ವ್ಯಾಕ್ಯೂಮ್ ಪೈಪ್ ಕಿತ್ತು ಬಾಯಿ ಮುಚ್ಚಿದೆ. ಪುಲ್ಲಿಯ ಕಚ್ಚಿಗೆ ವೈಟ್ನರ್ ಬಳಿದೆ. ನಮ್ಮ ಎಂಜಿನ್ನಿನಲ್ಲಿ ಗುರುತು ಪುಲ್ಲಿಯ ಕೆಳಗಿದೆ, ನೆಲಕ್ಕೆ ಬಗ್ಗಿಯೇ ನೋಡಬೇಕು. ಫ್ಯಾನ್ ತಿರುಗುತ್ತಿರುತ್ತದೆ, ಹೆಗಲ ಮೇಲಿನ ಟವೆಲ್ ತೆಗೆದಿಡಬೇಕು. ರೋಟರ್ ಎಡಸುತ್ತು ಆದ್ದರಿಂದ ಡಿಸ್ಟ್ರಿಬ್ಯೂಟರಿನ ಬಾಡಿಯನ್ನು ಬಲಕ್ಕೆ ತಿರುಗಿಸಿದರೆ ಅಡ್ವಾನ್ಸ್, ಎಡಕ್ಕೆ ತಿರುಗಿಸಿದರೆ ರಿಟಾರ್ಡ್. ಐದು ಡಿಗ್ರಿ ಅಡ್ವಾನ್ಸಿಗೆ ಇಟ್ಟು ಬೋಲ್ಟ್ ಬಿಗಿ ಮಾಡಿ ಘಟ್ಟಕ್ಕೆ ಹೊರಟೆ. ಏರಿನಲ್ಲಿ ಮೂರನೇ ಗೇರಿನಲ್ಲಿ ಕಾಲು ಒತ್ತಿದಾಗ ಸಣ್ಣಗೆ ಕಟಕಟ ನಾಕಿಂಗ್ ಕೇಳಿತು. ಬದಿಗೆ ನಿಲ್ಲಿಸಿ, ಒಂದೆರಡು ಡಿಗ್ರಿ ಹಿಂದಕ್ಕೆ ತಂದೆ. ಸದ್ದು ಹೋಯಿತು, ಪಿಕಪ್ ಉಳಿಯಿತು.

ಒಂದು ಅಭ್ಯಾಸ ಮಾತ್ರ ಬದಲಿಸಿಕೊಳ್ಳಬೇಕಾಯಿತು. ಎಂಜಿನ್ ಆಫ್ ಇರುವಾಗ ಇಗ್ನಿಶನ್ ಆನ್ ಇಟ್ಟು ರೇಡಿಯೋ ಕೇಳುತ್ತಾ ಕೂರುವಂತಿಲ್ಲ. ಕಾಯಿಲ್ ಮತ್ತು ಮಾಡ್ಯೂಲ್ ಕಾದು ಹಾಳಾಗುತ್ತವೆ. ಅಪ್ಪನಿಗೂ ಹೇಳಿದ್ದೇನೆ, ರೇಡಿಯೋಗೆ ಬೇರೆ ವೈರ್ ಎಳೆದುಕೊಟ್ಟಿದ್ದೇನೆ.

ಹಳೆ ಡಿಸ್ಟ್ರಿಬ್ಯೂಟರನ್ನು ಬಿಸಾಡಿಲ್ಲ. ಪಾಯಿಂಟ್ ಸವೆದರೆ ಉಜ್ಜಿಯಾದರೂ ಮನೆ ಮುಟ್ಟಬಹುದು, ಮಾಡ್ಯೂಲ್ ಹೋದರೆ ದಾರಿಯಲ್ಲಿ ಮಾಡುವಂಥದ್ದು ಏನೂ ಇಲ್ಲ. ದೇವಿಮನೆಯ ಎಷ್ಟೋ ತಿರುವುಗಳಲ್ಲಿ ಫೋನೂ ಸಿಗುವುದಿಲ್ಲ. ಅದಕ್ಕೇ ಹಳೆಯದಕ್ಕೆ ಹೊಸ ಪಾಯಿಂಟ್, ಕಂಡೆನ್ಸರ್, ಬೇರೆ ಕ್ಯಾಪ್ ಹಾಕಿ, ಗ್ಯಾಪ್ ಇಟ್ಟು, ಎಣ್ಣೆ ಬಟ್ಟೆಯಲ್ಲಿ ಸುತ್ತಿ ಡಿಕ್ಕಿಯಲ್ಲಿ ಇಟ್ಟಿದ್ದೇನೆ. ಜೊತೆಗೆ ಅದರ ಪಾನಾ. ಈ ಮಳೆಗಾಲದಲ್ಲಿ ನಾಲ್ಕು ಸಲ ಶಿರಸಿಗೆ ಹೋಗಿ ಬಂದೆವು, ಆ ಗಂಟು ಬಿಚ್ಚಲಿಲ್ಲ. ನಾಲ್ಕು ಸಲವೂ ಅಮ್ಮ ಹಿಂದಿನ ಸೀಟಿನಲ್ಲಿದ್ದಳು.