ಆಗದವರ ಅರ್ಥ ಹೇಳಿ ನೋಡಿ

ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ನನ್ನದೊಂದು ಹೊಲಿಗೆ ಅಂಗಡಿ. ಬಿಡುವಿದ್ದಾಗ ಹೆಂಗಸರ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತೇನೆ, ಅಂದರೆ ಕೂತಲ್ಲೇ ಒಂದು ಪಾತ್ರವಾಗಿ ಮಾತಾಡುತ್ತೇನೆ. ಮನಸ್ಸು ಬೆಳೆಯಬೇಕಾದರೆ ಏನು ಮಾಡಬೇಕು ಅಂತ ಹುಡುಗಿಯರು ಕೇಳುತ್ತಾರೆ. ನಾನು ಹೇಳುವುದು ಒಂದೇ. ನಿಮಗೆ ಆಗದವರ ಅರ್ಥ ಹೇಳಿ.

ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಹಾಡುವ ಪದ ಮೊದಲೇ ಬರೆದದ್ದು. ಮಾತು ಮಾತ್ರ ಅಲ್ಲೇ ಹುಟ್ಟಬೇಕು. ನನಗೆ ವಾಲಿಯ ಪಾತ್ರ ಸಿಕ್ಕಿದರೆ ರಾಮನನ್ನೇ ಕೇಳಬೇಕು: "ನಿನಗೂ ನನಗೂ ಏನು ಹಗೆ? ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾಕೆ?" ನಾನು ದಿನಾ ರಾಮನಿಗೆ ದೀಪ ಇಡುವವಳು. ಆದರೂ ಆ ಹೊತ್ತಿಗೆ ವಾಲಿಯ ನೋವು ನನ್ನದೇ ಆಗದಿದ್ದರೆ ಅರ್ಥ ಸಪ್ಪೆ. ಇನ್ನೊಂದು ಸಲ ರಾಮನ ಪಾತ್ರ ಬಂದರೆ, ತಮ್ಮನ ಹೆಂಡತಿಯನ್ನು ಕಿತ್ತುಕೊಂಡದ್ದಕ್ಕೆ ಈ ಶಿಕ್ಷೆ ಅಂತ ಅಷ್ಟೇ ಗಟ್ಟಿಯಾಗಿ ಹೇಳಬೇಕು.

ಮನೆಯಲ್ಲಿ ಹೀಗೆ ಮಾಡಿ. ಬೇಸರ ತರಿಸಿದ ಒಬ್ಬರನ್ನು ನೆನಪು ಮಾಡಿಕೊಳ್ಳಿ. ಒಬ್ಬರೇ ಕೂತು, ಅವರಾಗಿ, "ನಾನು" ಅಂತಲೇ ಶುರು ಮಾಡಿ, ಬಾಯಿಬಿಟ್ಟು ಮಾತಾಡಿ. ಮನಸ್ಸಿನಲ್ಲೇ ಹೇಳಿಕೊಂಡರೆ ಸಾಲದು, ಅಲ್ಲಿ ನಾವು ಬೇಕಾದ ಹಾಗೆ ಕತ್ತರಿಸಿಬಿಡುತ್ತೇವೆ. ಅಣಕ ಬೇಡ. ಅವರು ಬಾಗಿಲ ಹಿಂದೆ ನಿಂತು ಕೇಳಿದರೆ "ಹೌದು, ನಾನು ಹೇಳಬೇಕೆಂದಿದ್ದದ್ದು ಇದೇ" ಅನ್ನಬೇಕು. ಅಲ್ಲಿಯವರೆಗೆ ಬಿಡಬೇಡಿ.

ನಮ್ಮ ಕಡೆಯ ಹಳೇ ನೋವನ್ನೇ ತೆಗೆದುಕೊಳ್ಳಿ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು. ಈಗಲೂ ಸರ್ಕಾರಿ ಕಚೇರಿಯಲ್ಲಿ ಕನ್ನಡದ ಅರ್ಜಿ ಕೊಟ್ಟರೆ ಮುಖ ಗಂಟಿಕ್ಕುವವರಿದ್ದಾರೆ. ಅಂಥ ಒಬ್ಬರ ಮೇಲೆ ನನಗೆ ಸಿಟ್ಟು ಬಂದಿತ್ತು. ಮನೆಗೆ ಬಂದು ಅವರ ಅರ್ಥ ಹೇಳಿದೆ: "ನಾನು ತೆಂಕಣ ಜಿಲ್ಲೆಯಿಂದ ವರ್ಗವಾಗಿ ಬಂದವನು. ಹೆಂಡತಿ ಮಕ್ಕಳು ಅಲ್ಲೇ. ಈ ಅಕ್ಷರ ನನಗೆ ಓದಲು ಬರುವುದಿಲ್ಲ, ಬರುವುದಿಲ್ಲ ಅಂತ ಎಲ್ಲರೆದುರು ಹೇಳಲು ನಾಚಿಕೆ." ಆ ನಾಚಿಕೆ ಅನ್ನುವ ಮಾತು ನನ್ನ ಬಾಯಿಂದ ಬಂದಾಗ ನನಗೇ ಆಶ್ಚರ್ಯವಾಯಿತು. ಮಾರನೇ ಸಲ ಹೋದಾಗಲೂ ಕನ್ನಡದ ಅರ್ಜಿಯನ್ನೇ ಕೊಟ್ಟೆ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಅಹವಾಲು ಕೊಡಬಹುದು ಅಂತ ಸಂವಿಧಾನದ 350ನೇ ವಿಧಿ ಹೇಳುತ್ತದೆ, ಆ ಹಕ್ಕು ನಾನು ಯಾಕೆ ಬಿಡಲಿ? ಜೊತೆಗೆ ನಿಂತು ಒಂದೊಂದು ಸಾಲನ್ನೂ ಮಲಯಾಳದಲ್ಲಿ ಹೇಳಿದೆ. ಅವರು ಬರೆದುಕೊಂಡರು.

ಇದರಿಂದ ಲೋಕಕ್ಕೇನು ಬಂತು? ಬಂತು ಅಂತಲೇ ನನ್ನ ನಂಬಿಕೆ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಕೈಮ್ 1893ರಲ್ಲೇ ಸಾಮೂಹಿಕ ಪ್ರಜ್ಞೆಯ ಬಗ್ಗೆ ಬರೆದಿದ್ದಾರೆ. ಒಂದು ಸಮಾಜದವರಿಗೆಲ್ಲ ಸಮಾನವಾದ ನಂಬಿಕೆ, ಭಾವನೆಗಳಿಗೆ ತಮ್ಮದೇ ಬದುಕಿದೆ, ಜನ ಸತ್ತರೂ ಅವು ಮುಂದಿನ ತಲೆಮಾರಿಗೆ ದಾಟುತ್ತವೆ ಅಂತ. "ಆ ಭಾಷೆಯವರೇ ಹಾಗೆ" ಅನ್ನುವ ಮಾತು ಮೊದಲು ಆಡಿದ್ದು ಯಾರು ಅಂತ ಯಾರಿಗೂ ಗೊತ್ತಿಲ್ಲ, ಆದರೆ ಎಲ್ಲರ ಬಾಯಲ್ಲೂ ಇದೆ, ಅಲ್ವಾ? ದಾಟಿಸುವವರು ನಾವೇ. ನನ್ನ ಜಗಲಿಯಲ್ಲಿ ಆ ಮಾತು ನಿಂತರೆ, ಅಲ್ಲಿ ಆಡುವ ಮಗು ಅದನ್ನು ಕಲಿಯುವುದಿಲ್ಲ. ಮನುಷ್ಯರೆಲ್ಲರ ಮನಸ್ಸಿಗೆ ನಾನು ಸೇರಿಸಬಹುದಾದದ್ದು ಅಷ್ಟು. ಅದು ಸಣ್ಣದಲ್ಲ.

ನಮ್ಮ ಜಿಲ್ಲೆಯಲ್ಲೇ ಇದನ್ನು ಕೊನೆ ಮುಟ್ಟಿಸಿದವರಿದ್ದರು. ಕಾಞಂಗಾಡಿನಲ್ಲಿ 1931ರಲ್ಲಿ ಆನಂದಾಶ್ರಮ ಕಟ್ಟಿದ ಸ್ವಾಮಿ ರಾಮದಾಸರು. 1922ರಲ್ಲಿ ಮನೆ ಬಿಟ್ಟು ಊರೂರು ತಿರುಗಿದ ಅವರು, ಟಿಕೆಟ್ ಇಲ್ಲವೆಂದು ರೈಲಿನಿಂದ ಇಳಿಸಿದವರನ್ನೂ ರಾಮನೆಂದೇ ಕಂಡರು. ನಮಗೆ ಅಷ್ಟು ಎತ್ತರ ಈಗಲೇ ಬೇಡ.

ಮೊದಲ ಸಲಕ್ಕೆ ದೊಡ್ಡ ಹಗೆ ಆರಿಸಬೇಡಿ. ಜಾಗದ ಗಡಿ, ಆಸ್ತಿ ಪಾಲು ಇವೆಲ್ಲ ಆಮೇಲೆ. ಬಾಕಿ ಹಣ ತಡ ಮಾಡುವ ಗಿರಾಕಿ, ಮಾತು ಬಿಟ್ಟ ಓರಗಿತ್ತಿ, ಇಷ್ಟು ಸಾಕು. ಹೊಡೆಯುವವರ, ಹೆದರಿಸುವವರ ಅರ್ಥ ಹೇಳುತ್ತಾ ಮನೆಯಲ್ಲಿ ಕೂರಬೇಡಿ. ಮೊದಲು ಅಲ್ಲಿಂದ ಹೊರಗೆ ಬನ್ನಿ, ನಂಬಿಕೆಯವರಿಗೆ ತಿಳಿಸಿ, ಬೇಕಾದರೆ ಪೊಲೀಸರಿಗೆ ಹೇಳಿ. ಉಳಿದವರ ವಿಷಯದಲ್ಲಿ, ಅರ್ಥ ಹೇಳಿ ಮುಗಿಸಿದ ಮೇಲೆ ಅವರನ್ನು ಕೇಳಲೇಬೇಕಾದ ಒಂದು ಪ್ರಶ್ನೆ ಬರೆದಿಟ್ಟುಕೊಳ್ಳಿ. ಸಿಕ್ಕಿದಾಗ ಸುಮ್ನೆ ಅದನ್ನು ಕೇಳಿ, ಉತ್ತರ ಮುಗಿಯುವವರೆಗೆ ನಡುವೆ ಬಾಯಿ ಹಾಕಬೇಡಿ.