ಟ್ರೇಡಿಂಗ್‌ನಾಗ ರೊಕ್ಕ ಹೋತು, ಇನ್ನ ಬಿಡೋದೋ ಮುಂದುವರಿಸೋದೋ? ಕುಂತು ನಿರ್ಧಾರ ಮಾಡೋದು ಹ್ಯಾಂಗ

ಮಂಗಳವಾರ ಮಧ್ಯಾಹ್ನ ಮೂರೂವರಿಗೆ ನಿಫ್ಟಿ ಎಕ್ಸ್‌ಪೈರಿ (ಷೇರುಪೇಟಿ ಸೂಚ್ಯಂಕದ ಮ್ಯಾಲಿನ ಆ ವಾರದ ಸೌದಾ ಮುಗಿಯೋ ದಿನ) ಮುಗದು ಅಕೌಂಟ್‌ನಾಗ ಉಳದಿದ್ದು ನೋಡಿ ಹೊಟ್ಟಿ ತಳಮಳ ಅನ್ನೋ ಹೊತ್ತಿಗೆ ಎರಡ ವಿಚಾರ ಬರ್ತಾವ. ಒಂದು, ಇನ್ನ ಜನ್ಮದಾಗ ಈ ಆ್ಯಪ್ ತೆಗಿಯೂದಿಲ್ಲ ಅಂತ. ಇನ್ನೊಂದು, ನಾಳೆ ದೊಡ್ಡ ಕ್ವಾಂಟಿಟಿ ಹೊಡದು ಒಂದ ಸಲಕ್ಕ ಎಲ್ಲಾ ವಾಪಸ್ ತೆಗೀಬೇಕು ಅಂತ. ನನಗ ಎರಡೂ ಬಂದಿದ್ವು, ಅದೂ ಒಂದ ತಾಸಿನ್ಯಾಗ, ಹುಬ್ಬಳ್ಳಿ ಉಣಕಲ್ ಕೆರಿ ದಂಡಿಗೆ ಗಾಡಿ ನಿಲ್ಲಿಸ್ಕೊಂಡು. ಆ ಹೊತ್ತಿನ ಯಾವ ನಿರ್ಧಾರನೂ ನಂಬಬ್ಯಾಡ್ರಿ, ಬಿಡ್ತೀನಿ ಅನ್ನೋದನ್ನೂ ಸೈತ, ಯಾಕಂದ್ರ ಸಿಟ್ಟಿನ್ಯಾಗ ಬಿಟ್ಟವರು ಶುಕ್ರವಾರದೊಳಗ ತಿರುಗಿ ಬಂದಿರ್ತಾರ.

ನನ್ನ ಲೆಕ್ಕ ಮೊದ್ಲ ಹೇಳಿಬಿಡ್ತೀನಿ. ಎರಡೂವರಿ ವರ್ಷದಾಗ 7 ಲಕ್ಷ 80 ಸಾವಿರ ಹಾಕಿದ್ದೆ, ಉಳದದ್ದು 1 ಲಕ್ಷ 12 ಸಾವಿರ. ಹೆಚ್ಚಿಂದು ಆಪ್ಷನ್ ಖರೀದಿ, ಅಂದ್ರ ಇಂಥಾ ತಾರೀಖಿನೊಳಗ ರೇಟು ಏರ್ತೈತೋ ಇಳೀತೈತೋ ಅನ್ನೋದರ ಮ್ಯಾಲ ರೊಕ್ಕ ಹಾಕೋ ಸೌದಾ.

ಮೊದಲನೇ ಕೆಲಸ: ರೊಕ್ಕ ಹೊರಗ ತೆಗೀರಿ

ನಿರ್ಧಾರ ಆಮ್ಯಾಲ. ಮೊದಲ ಓಪನ್ ಇರೋ ಪೊಸಿಷನ್ (ಇನ್ನೂ ಮುಗಿಸದ ಸೌದಾ) ಕ್ಲೋಸ್ ಮಾಡಿ, ಉಳದ ರೊಕ್ಕ ಬ್ಯಾಂಕಿಗೆ ವಿಥ್‌ಡ್ರಾ ಮಾಡ್ರಿ, ಅಲ್ಲಿಂದ ಯುಪಿಐ ಇಲ್ಲದ ಇನ್ನೊಂದು ಖಾತೆಗೆ ಹಾಕ್ರಿ, ಇಲ್ಲಂದ್ರ ಎಫ್‌ಡಿ ಮಾಡಿಬಿಡ್ರಿ. ಬ್ರೋಕರ್ ಆ್ಯಪ್‌ನ ಪ್ರೊಫೈಲ್‌ನಾಗ ಎಫ್ ಆ್ಯಂಡ್ ಓ (ಫ್ಯೂಚರ್ಸ್ ಮತ್ತ ಆಪ್ಷನ್ಸ್) ಸೆಗ್ಮೆಂಟ್ ಬಂದ್ ಮಾಡೋ ಸವಲತ್ತು ಇರ್ತೈತಿ, ಕೆಲವ್ರ ಕಡೆ ಟ್ರೇಡಿಂಗ್ ನಿಲ್ಲಿಸೋ ಕಿಲ್ ಸ್ವಿಚ್ ಅಂತನೂ ಇರ್ತೈತಿ, ಒತ್ರಿ. 2024ರ ಜುಲೈದಿಂದ ಟ್ರೇಡಿಂಗ್ ಅಕೌಂಟ್ ನಾವ ಫ್ರೀಜ್ ಮಾಡ್ಸೋ ಸೌಲಭ್ಯಾನೂ ಐತಿ. ಅದು ಅಕೌಂಟ್‌ನಾಗ ಸಂಶಯದ ವ್ಯವಹಾರ ಕಂಡ್ರ ಇರ್ಲಿ ಅಂತ ಷೇರುಪೇಟಿ ನಿಯಂತ್ರಕ ಸಂಸ್ಥೆ ಸೆಬಿ ತಂದಿದ್ದು, ಆದ್ರ ನನ್ನ ಅಕೌಂಟ್‌ನಾಗ ಸಂಶಯದ ಮನಷಾ ನಾನ ಇದ್ದೆ, ಹಿಂಗಾಗಿ ನಡೀತದ ಅನಕೊಂಡೆ.

ಇಲ್ಲೊಂದು ಮಾತು. ಮ್ಯೂಚುವಲ್ ಫಂಡ್ ಎಸ್‌ಐಪಿ, ಡೆಲಿವರಿ ತಗೊಂಡು ಇಟ್ಟ ಷೇರು, ಇವನ್ನ ಅದ ಸಿಟ್ಟಿನ್ಯಾಗ ಮಾರಬ್ಯಾಡ್ರಿ. ಅದರ ಲೆಕ್ಕ ಬ್ಯಾರೆ.

ಈಗ ಎರಡು ವಾರ ಸುಮ್ನ ಇರ್ರಿ.

ಆಮ್ಯಾಲ ಹಾಳಿ ಮ್ಯಾಲ ತಗೊಂಡು ಬರ್ರಿ

ಆ್ಯಪ್‌ನಾಗ ಹಸರು ಕೆಂಪು ನೋಡಿ ಲೆಕ್ಕ ಹತ್ತೂದಿಲ್ಲ. ಬ್ರೋಕರ್ ವೆಬ್‌ಸೈಟ್‌ನಾಗ ಲೆಡ್ಜರ್ (ರೊಕ್ಕ ಹೋಗಿ ಬಂದ ಲೆಕ್ಕ) ಮತ್ತ ಟ್ಯಾಕ್ಸ್ ಪಿ ಆ್ಯಂಡ್ ಎಲ್ (ಲಾಭ-ಲುಕ್ಸಾನಿನ ಪಟ್ಟಿ) ಅಂತ ಸಿಗ್ತಾವ, ಎಲ್ಲಾ ವರ್ಷದ್ದು ಇಳಿಸ್ಕೊಂಡು ಪ್ರಿಂಟ್ ಹಾಕ್ಸ್ರಿ. ನಾನು ವಿದ್ಯಾನಗರದಾಗ ಒಂದು ಝೆರಾಕ್ಸ್ ಅಂಗಡ್ಯಾಗ ಹಾಕ್ಸಿದೆ, 41 ಪುಟ ಬಂತು, ಮಷಿನ್ ಮುಂದಿನ ಹುಡುಗ ‘ಸರ ಎರಡೂ ಬಾಜೂ ಹಾಕ್ಲೇನ್ರಿ, ಹಾಳಿ ಉಳೀತಾವ’ ಅಂದ. ಉಳೀಲಿ ಅಂದೆ.

ಮನಿಗೆ ಬಂದು ಪೆನ್ನು ಹಿಡದು ಮೂರ ಸಂಖ್ಯೆ ತಗೀರಿ. ಬ್ಯಾಂಕಿನಿಂದ ಒಟ್ಟ ಹೋಗಿದ್ದೆಷ್ಟು, ತಿರುಗಿ ಬಂದಿದ್ದೆಷ್ಟು, ಈಗ ಉಳದಿದ್ದೆಷ್ಟು. ಆಮ್ಯಾಲ ಚಾರ್ಜಸ್ ಕಾಲಂ ಕೂಡಸ್ರಿ. ಬ್ರೋಕರೇಜ್, ಎಸ್‌ಟಿಟಿ (ಷೇರು ವ್ಯವಹಾರದ ತೆರಿಗಿ), ಎಕ್ಸ್‌ಚೇಂಜ್ ಚಾರ್ಜ್, ಜಿಎಸ್‌ಟಿ, ಸ್ಟಾಂಪ್ ಡ್ಯೂಟಿ ಎಲ್ಲಾ ಸೇರಿ ನಂದು 96 ಸಾವಿರ ಆತು. ಆರ್ಡರಿಗೆ 20 ರೂಪಾಯಿ ಏನ್ ದೊಡ್ಡದು ಬಿಡು ಅಂತಿದ್ದೆ, ಗೆದ್ದ ದಿನಾನೂ ಕೊಟ್ಟೀನಿ, ಸೋತ ದಿನಾನೂ ಕೊಟ್ಟೀನಿ, ಉಳದ ಬಂಡವಾಳಕ್ಕೂ ಅದಕ್ಕೂ ಹೆಚ್ಚು ಫರಕ ಇಲ್ಲದಂಗ ಆಗಿತ್ತು.

ವಾಪಸ್ ತೆಗೀತೀನಿ ಅನ್ನೋ ಮಾತಿಗೆ ಗಣಿತ ಹಚ್ರಿ

ನೂರಕ್ಕ 50 ಹೋದ್ರ ಉಳದದ್ದು ಡಬಲ್ ಆಗಬೇಕು. 80 ಹೋದ್ರ ಐದು ಪಟ್ಟು. 90 ಹೋದ್ರ ಹತ್ತು ಪಟ್ಟು. ನಂದು ಏಳು ಪಟ್ಟು ಆಗಬೇಕಿತ್ತು. ತಿಂಗಳಿಗೆ 3 ಪರ್ಸೆಂಟ್, ಒಂದೂ ತಿಂಗಳು ತಪ್ಪದಂಗ, ಒಂದು ಪೈಸಾನೂ ಹೊರಗ ತೆಗೀದಂಗ ಗಳಿಸಿದ್ರೂ ಐದೂವರಿ ವರ್ಷ. ಎರಡೂವರಿ ವರ್ಷದಾಗ ಸಾಲಾಗಿ ನಾಕು ತಿಂಗಳು ಲಾಭ ಮಾಡಲಾರದ ಮನಷಾ ಅರವತ್ತಾರು ತಿಂಗಳು ಸಾಲಾಗಿ ಮಾಡ್ತಾನಂತ ಯಾವ ಬಾಯಿಲೆ ಹೇಳ್ಲಿ.

ನನ್ನೊಬ್ಬನ ದಡ್ಡತನ ಅಂತ ತಿಳಕೋಬ್ಯಾಡ್ರಿ ಮತ್ತ. 2024ರ ಸೆಪ್ಟೆಂಬರ್‌ದಾಗ ಸೆಬಿ ಹೊರಗ ಹಾಕಿದ ಲೆಕ್ಕದ ಪ್ರಕಾರ 2021-22ರಿಂದ ಮೂರು ವರ್ಷದಾಗ ಎಫ್ ಆ್ಯಂಡ್ ಓ ಆಡಿದ 1 ಕೋಟಿಗೂ ಹೆಚ್ಚು ಮಂದ್ಯಾಗ 93 ಪರ್ಸೆಂಟ್ ಲಾಸ್, ಖರ್ಚು ಹಿಡದು ಸರಾಸರಿ ತಲಾ ಸುಮಾರು 2 ಲಕ್ಷ. ಖರ್ಚು ಕಳದು ಒಂದು ಲಕ್ಷದ ಮ್ಯಾಲ ಗಳಿಸಿದವ್ರು 1 ಪರ್ಸೆಂಟ್. 2024-25ರಾಗೂ 91 ಪರ್ಸೆಂಟ್ ಮಂದಿಗೆ ಲಾಸ. ನನಗ ಭಾಳ ನೆಟ್ಟಿದ್ದು ಇನ್ನೊಂದು: ಸಾಲಾಗಿ ಎರಡು ವರ್ಷ ಕಳಕೊಂಡವರಾಗ ಮುಕ್ಕಾಲು ಪಾಲಿಗಿಂತ ಹೆಚ್ಚು ಮಂದಿ ಮೂರನೇ ವರ್ಷಾನೂ ಬಿಟ್ಟಿದ್ದಿಲ್ಲ.

ಬ್ಯಾಡಗಿ ಮೆಣಸಿನಕಾಯಿ ಪೇಟ್ಯಾಗ ದಲಾಲಿ ಅಂಗಡಿ ಇರೋ ನಮ್ಮ ಕಾಕಾಗ ಈ ಹಾಳಿ ತೋರಿಸಿದ್ದೆ. ಷೇರಿನ ಗಂಧ ಇಲ್ಲ ಅವರಿಗೆ. ‘ತಮ್ಮಾ, ನೀ ಎಷ್ಟಕ್ಕ ತಗೊಂಡಿದ್ದಿ ಅಂತ ಪೇಟಿಗೇನ್ ಗೊತ್ತೋ? ಚೀಲ ತೊಯ್ದಾವಂದ್ರ ತೊಯ್ದ ಮಾಲಿನ ರೇಟು. ಹೋಗ್ಲಿ, ಈ ಲಕ್ಷ ರೂಪಾಯಿ ನಾನ ಇವತ್ತ ನಿನ್ನ ಕೈಯಾಗ ಇಟ್ಟೆ ಅಂತ ತಿಳಕೋ, ಏನ್ ಮಾಡ್ತಿ?’ ಅಂದ್ರು. ಮಗಳ ಫೀ ತುಂಬ್ತೀನಿ, ಮಾಳಗಿ ಸೋರ್ತೈತಿ ಅದನ್ನ ಮಾಡಸ್ತೀನಿ ಅಂದೆ, ಬಾಯಿಂದ ತಾನ ಬಂತು. ಆಪ್ಷನ್ ತಗೋತೀನಿ ಅಂತ ಬರಲಿಲ್ಲ. ಈ ಪ್ರಶ್ನೆ ನಿಮಗ ನೀವು ಕೇಳ್ಕೋರಿ, ಎಕ್ಸೆಲ್ ಶೀಟಿಗಿಂತ ಲಗೂ ಉತ್ತರ ಸಿಗ್ತೈತಿ.

ಸಾಲದ ರೊಕ್ಕ ಇದ್ರ

ವಿಚಾರ ಮಾಡೋದೇನಿಲ್ಲ, ಬಂದ್ ಮಾಡ್ರಿ. ಕ್ರೆಡಿಟ್ ಕಾರ್ಡ್ ಬಾಕಿ ಮ್ಯಾಲ ವರ್ಷಕ್ಕ 36ರಿಂದ 42 ಪರ್ಸೆಂಟ್‌ತನಕ ಬಡ್ಡಿ ಓಡ್ತಿರ್ತೈತಿ, ಅದನ್ನ ತೀರಿಸೋದಕ್ಕಿಂತ ಗ್ಯಾರಂಟಿ ಲಾಭ ಯಾವ ಸ್ಟ್ರಾಟಜಿನೂ ಕೊಡೂದಿಲ್ಲ. ಉಳದ ರೊಕ್ಕ ಮೊದಲ ಅಲ್ಲಿ ಕಟ್ರಿ, ಆಮ್ಯಾಲ ಪರ್ಸನಲ್ ಲೋನ್, ಆಮ್ಯಾಲ ಬಂಗಾರ ಬಿಡಿಸ್ಕೋರಿ.

ಮತ್ತ ಮನ್ಯಾಗ ಹೇಳ್ರಿ. ಪೂರ್ತಿ ಸಂಖ್ಯೆ ಹೇಳ್ರಿ, ಅರ್ಧಾ ಹೇಳಿದ್ರ ಮುಚ್ಚಿಟ್ಟ ಅರ್ಧಾ ತುಂಬಾಕ ಅಂತ ಮತ್ತ ಆಡ್ತೀರಿ. ನಾನು ಮೊದಲ ಎರಡು ಲಕ್ಷ ಅಂದಿದ್ದೆ, ಅದ ಮಾಡಿದ್ದೆ. ನಮ್ಮಾಕಿ 41 ಪುಟ ತಿರುವಿ ಕೇಳಿದ್ದು ಒಂದ ಪ್ರಶ್ನೆ: ‘ನಮ್ಮ ಅವ್ವ ಆಸ್ಪತ್ರ್ಯಾಗ ಇದ್ದ ದಿನಾನೂ ಹದಿನಾಲ್ಕು ಆರ್ಡರ್ ಅದಾವಲ್ರೀ?’

ಅಂಥ ದಿನ ನಿಮ್ಮ ಹಾಳಿಯಾಗೂ ಇದ್ರ ಅದು ಟ್ರೇಡಿಂಗ್ ದಾಟಿ ಚಟಕ್ಕ ಬಂದೈತಿ. ಸುಳ್ಳು ಹೇಳಿ ರೊಕ್ಕ ತರೋದು, ರಾತ್ರಿ ಎದ್ದು ಗಿಫ್ಟ್ ನಿಫ್ಟಿ (ರಾತ್ರಿನೂ ನಡಿಯೋ ನಿಫ್ಟಿ ಫ್ಯೂಚರ್ಸ್) ನೋಡೋದು, ರಜಾ ದಿನ ಕೈಕಾಲು ಆಡದಂಗ ಆಗೋದು, ಇವೂ ಅದರ ಲಕ್ಷಣ. ಚಟಕ್ಕ ಡಾಕ್ಟರ್ ಅದಾರ, ಧಾರವಾಡದ ಡಿಮ್ಹಾನ್ಸ್ ಅನ್ನೋ ಸರ್ಕಾರಿ ಮಾನಸಿಕ ಆಸ್ಪತ್ರಿ ನಮ್ಮ ಊರ ಬಾಜೂಕ ಐತಿ. ಜೀವ ಬ್ಯಾಡ ಅನ್ನಿಸ್ತಂದ್ರ ಮಾತ್ರ ತಡಾ ಮಾಡಬ್ಯಾಡ್ರಿ, ಆ ಗಳಿಗಿಗೇ 14416ಕ್ಕ ಫೋನ್ ಹಚ್ರಿ, ಟೆಲಿ ಮಾನಸ್ ಅಂತ ಸರ್ಕಾರಿ ಸಹಾಯವಾಣಿ, ಹಗಲು ರಾತ್ರಿ ಇರ್ತೈತಿ, ಕನ್ನಡದಾಗ ಮಾತಾಡ್ತಾರ, ರೊಕ್ಕ ಇಲ್ಲ.

ಇಷ್ಟೆಲ್ಲಾ ಆಗಿನೂ ಮುಂದುವರಿಸ್ತೀನಿ ಅನ್ನೋರಿಗೆ

ಸಾಲ ಇಲ್ಲ, ಆರು ತಿಂಗಳ ಖರ್ಚು ಬ್ಯಾರೆ ಇಟ್ಟೀನಿ, ಮನ್ಯಾಗ ಗೊತ್ತೈತಿ ಅನ್ನೋರು ಇದ್ರ ಆರು ತಿಂಗಳು ರೊಕ್ಕ ಹಾಕದ ಬರೇ ಹಾಳಿ ಮ್ಯಾಲ ಟ್ರೇಡ್ ಮಾಡ್ರಿ, ಚಾರ್ಜಸ್ ಕಳದು ಲೆಕ್ಕ ಬರೀರಿ. ಅದರಾಗ ಲಾಭ ಕಂಡ್ರ, ಪೂರ್ತಿ ಹೋದ್ರೂ ಊಟಕ್ಕ ತ್ರಾಸ ಆಗದಷ್ಟು ಒಂದ ಸಲ ಹಾಕ್ರಿ, ಮತ್ತ ತುಂಬಬ್ಯಾಡ್ರಿ. ನನ್ನ ಮನಸಿನ ಮಾತು ಕೇಳಿದ್ರ ಹತ್ತರಾಗ ಒಂಬತ್ತು ಮಂದಿ ಈ ಸಾಲಿನ ತನಕ ಬರಲೇಬಾರದು. ಮತ್ತ ಟೆಲಿಗ್ರಾಮ್‌ನಾಗ ‘ಲಾಸ್ ರಿಕವರಿ’ ಅಂತ ಫೀ ಕೇಳೋರು ಬಂದ್ರ ಬ್ಲಾಕ್ ಮಾಡ್ರಿ, ಸೋತವ್ರ ನಂಬರ್ ಹುಡುಕೋದ ಅವ್ರ ಧಂದೆ.

ಬಿಟ್ಟ ಮ್ಯಾಲ ಉಳಿಯೋ ಒಂದು ಕೆಲಸ

ಇನ್‌ಕಮ್ ಟ್ಯಾಕ್ಸ್ ರಿಟರ್ನ್. ಲಾಸ್ ಆಗೈತಿ, ಯಾಕ ತುಂಬೋದು ಅಂತ ಭಾಳ ಮಂದಿ ಕೈ ಬಿಡ್ತಾರ. ಎಫ್ ಆ್ಯಂಡ್ ಓ ಲಾಸ್ ಅಂದ್ರ ಬಿಸಿನೆಸ್ ಲಾಸ್, ಐಟಿಆರ್-3 ಅನ್ನೋ ಫಾರ್ಮಿನ್ಯಾಗ ತೋರಿಸಬೇಕು, ಪಗಾರದಾಗ ಕಳಿಯಾಕ ಬರೂದಿಲ್ಲ, ಆದ್ರ ಅದ ವರ್ಷದ ಬಾಡಿಗಿ, ಬಡ್ಡಿ ಆದಾಯದಾಗ ಕಳೀಬಹುದು, ಉಳದದ್ದು ಮುಂದಿನ 8 ವರ್ಷ ಬಿಸಿನೆಸ್ ಲಾಭದ ಎದುರಿಗೆ ಹಿಡೀಬಹುದು. ಇಂಟ್ರಾಡೇ (ತಗೊಂಡ ದಿನಾನ ಮಾರಿದ) ಷೇರಿನ ಲಾಸ್ ಸ್ಪೆಕ್ಯುಲೇಟಿವ್, ಅಂದ್ರ ಸಟ್ಟಾ ಲೆಕ್ಕದ್ದು, ಅದಕ್ಕ 4 ವರ್ಷ, ಅದೂ ಸ್ಪೆಕ್ಯುಲೇಟಿವ್ ಲಾಭದ ಎದುರಿಗೆ ಅಷ್ಟ. ಕೊನೇ ತಾರೀಖಿನೊಳಗ ರಿಟರ್ನ್ ತುಂಬಿದ್ರ ಮಾತ್ರ ಲಾಸ್ ಮುಂದ ಒಯ್ಯಾಕ ಬರ್ತೈತಿ, ಹಿಂಗಾಗಿ ಆ ಪ್ರಿಂಟ್ ಒಗೀಬ್ಯಾಡ್ರಿ.

ನಾನು ಅವನ್ನ ಕ್ಯಾರಿಬ್ಯಾಗ್‌ನಾಗ ಹಾಕ್ಕೊಂಡು ಕೊಪ್ಪಿಕರ್ ರೋಡಿನ ಕಡೆ ಇರೋ ನಮ್ಮ ಸಿಎ ಆಫೀಸಿಗೆ ಹೋದೆ, ಬೈತಾರ ಅನಕೊಂಡಿದ್ದೆ. ಮೊದಲನೇ ಹಾಳಿ ನೋಡಿ ಏನೂ ಅನ್ನಲಿಲ್ಲ. ಇಂಥವು ಈ ವರ್ಷ ಎಷ್ಟ ಬಂದಾವ್ರಿ ಅಂತ ನಾನ ಕೇಳಿದೆ. ಟೇಬಲ್ ಬಾಜೂಕ ಸೊಂಟದ ತನಕ ಏರಿದ್ದ ಫೈಲಿನ ಸಾಲು ತೋರಿಸಿ, ‘ನಿಮ್ದು ಮ್ಯಾಲ ಇಡ್ಲೇನ್ರಿ?’ ಅಂದ್ರು.